ಮುಂದಿನ ಜೂನಿಗೆ ಲಡಾಖ್

ರಾಯರಿಗೆ ಅರವತ್ತು ತುಂಬಿದ ವರ್ಷ ಅವರ ಮನೆಗೆ ಮೂರು ಹೊಸ ಸಾಮಾನು ಬಂದವು. ಮಂಡಿಗೆ ಹಾಕಿಕೊಳ್ಳುವ ನೀ ಕ್ಯಾಪ್, ಬೆರಳು ಚುಚ್ಚಿ ಸಕ್ಕರೆ ನೋಡುವ ಮೆಷಿನ್ನು, ಮತ್ತು 196 ಕೆಜಿ ತೂಗುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಮೊದಲಿನೆರಡನ್ನು ಯಾರಿಗೂ ಕಾಣದಂತೆ ಬೀರುವಿನೊಳಗೆ ಇಟ್ಟರು. ಮೂರನೆಯದನ್ನು ಇಡೀ ಬೀದಿಗೆ ಕಾಣುವಂತೆ ಗೇಟಿನ ಮುಂದೆ ನಿಲ್ಲಿಸಿದರು.

ಇಂಥ ರಾಯರು ನಿಮ್ಮ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಅಲ್ಲಿ ಅವರನ್ನು ಗೌಡರೆಂದೋ ಶೆಟ್ಟರೆಂದೋ ಪಾಟೀಲರೆಂದೋ ಕರೆಯುತ್ತಿರಬಹುದು, ಆದರೆ ಲಕ್ಷಣ ಒಂದೇ. ಭಾನುವಾರ ಬೆಳಗಿನ ಐದಕ್ಕೆ ಎದ್ದು, ಆರಕ್ಕೆ ಹೊರಡುವುದಕ್ಕಾಗಿ ಅಲಂಕಾರಕ್ಕೆ ಕೂರುತ್ತಾರೆ. ಭುಜ, ಮೊಣಕೈ, ಬೆನ್ನಿಗೆ ಕವಚ ಕೂರಿಸಿದ ಜಾಕೆಟ್ಟು. ಮಂಡಿಗೂ ಕವಚವಿರುವ ಪ್ಯಾಂಟು. ಮೀನಖಂಡದವರೆಗೆ ಏರುವ ಬೂಟು. ಬೆನ್ನಿನ ಮೇಲೆ ನೀರಿನ ಚೀಲ, ಅದರಿಂದ ಬಾಯಿಯ ಹತ್ತಿರಕ್ಕೆ ಬಂದ ಕೊಳವೆ. ತಲೆಗೆ ಕೊಕ್ಕಿರುವ ಹೆಲ್ಮೆಟ್ಟು, ಅದಕ್ಕೆ ಅಂಟಿದ ಕ್ಯಾಮೆರಾ. ಇಷ್ಟೆಲ್ಲ ಮುಗಿದು ಕೈಗೆ ಗ್ಲೌಸ್ ಏರಿದ ಮೇಲೆ, ಗಾಡಿಯ ಕೀ ಒಳಪ್ಯಾಂಟಿನ ಜೇಬಿನಲ್ಲಿ ಉಳಿದದ್ದು ನೆನಪಾಗುತ್ತದೆ. ಪುನಃ ಎಲ್ಲ ಬಿಚ್ಚಿ, ಪುನಃ ಎಲ್ಲ ಕಟ್ಟಿ, "ಹೋಗ್ಬರ್ತೀನಿ ಕಣೇ" ಎಂದು ರಣರಂಗಕ್ಕೆ ಹೊರಟವರ ದನಿಯಲ್ಲಿ ಹೇಳಿದರೆ, ಒಳಗಿನಿಂದ ಬರುವ ಉತ್ತರ: "ಬರ್ತಾ ಎರಡು ಕಟ್ಟು ಕೊತ್ತಂಬರಿ ಸೊಪ್ಪು."

ಉತ್ತರ ಕೊಟ್ಟವರು ರಾಯರ ಶ್ರೀಮತಿ. ಸರ್ಕಾರಿ ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ಟೀಚರಮ್ಮ.

ರಾಯರದು ಇದ್ದಕ್ಕಿದ್ದಂತೆ ಬಂದ ಚಟ ಎಂದುಕೊಳ್ಳಬೇಡಿ, ಅವರದು ಮನೆತನದ ಮೋಟಾರ್ ಸೈಕಲ್ಲು. ತಂದೆಯವರು ಜಾವಾ ಇಟ್ಟಿದ್ದರು. ಆ ಕಾಲದ ಮೈಸೂರಿನಲ್ಲಿ ಅದು ದೊಡ್ಡಸ್ತಿಕೆಯಷ್ಟೇ ಅಲ್ಲ, ಊರಿನ ಮೇಲಿನ ಅಭಿಮಾನವೂ ಹೌದು. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಮೈಸೂರಿನಲ್ಲೇ, ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1961ರಲ್ಲಿ ಗಾಡಿ ಹೊರಬರತೊಡಗಿದ್ದು, 1973ರಲ್ಲಿ ಜಾವಾ ಹೋಗಿ ಯೆಜ್ಡಿ ಆದದ್ದು, 1996ರಲ್ಲಿ ಬಾಗಿಲು ಮುಚ್ಚಿದ್ದು, ಈ ಇಸವಿಗಳೆಲ್ಲ ರಾಯರಿಗೆ ಬಾಯಿಪಾಠ. ಮಗಳ ಹುಟ್ಟುಹಬ್ಬ ಮಾತ್ರ ವರ್ಷವರ್ಷವೂ ಟೀಚರಮ್ಮನೇ ನೆನಪಿಸಬೇಕು.

ರಾಯರು ಕೆಲಸಕ್ಕೆ ಸೇರಿದ ಮೇಲೆ ಸ್ವಂತಕ್ಕೆ ಕೊಂಡದ್ದು ಯೆಜ್ಡಿ ರೋಡ್‌ಕಿಂಗ್. ಕಿಕ್ಕರೂ ಅದೇ, ಗೇರೂ ಅದೇ: ಒಂದೇ ಸನ್ನೆಯನ್ನು ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಕೆಳಗೆ ಬಿಟ್ಟರೆ ಗೇರು. ಕ್ಲಚ್ ಹಿಡಿಯದೆಯೂ ಗೇರು ಬೀಳುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆ ಬರಬೇಕು, ರಾಯರು ತಿರುವು ದಾಟಿದ ಮೇಲೂ ಅವರು ಹೋದ ದಾರಿ ಬೀದಿಗೆ ಗೊತ್ತಾಗುತ್ತಿರಬೇಕು.

ಆ ಯೆಜ್ಡಿಯ ಮೇಲೆ ರಾಯರು ಸಾಗಿಸದ ವಸ್ತುವಿಲ್ಲ. ಗ್ಯಾಸ್ ಸಿಲಿಂಡರ್ ತಂದಿದ್ದಾರೆ. ಬಾಡಿಗೆ ಮನೆ ಬದಲಿಸುವಾಗ ರುಬ್ಬುಗುಂಡು ಸಾಗಿಸಿದ್ದಾರೆ. ಟ್ಯಾಂಕಿನ ಮೇಲೆ ಮಗಳು, ಹಿಂದೆ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಬ್ಯಾಗು, ಹೀಗೆ ಹಾಸನ, ಸಕಲೇಶಪುರ ದಾಟಿ, ಜುಲೈ ಮಳೆಯಲ್ಲಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿಬಂದಿದ್ದಾರೆ. ಗುಂಡ್ಯದ ಹತ್ತಿರ ಪ್ಲಗ್ಗಿಗೆ ಮಸಿ ಕಟ್ಟಿ ಗಾಡಿ ನಿಂತಾಗ ಟೀಚರಮ್ಮ ಕೊಡೆ ಹಿಡಿದರು, ರಾಯರು ಉಪ್ಪುಕಾಗದದಲ್ಲಿ ಪ್ಲಗ್ ಉಜ್ಜಿದರು, ಮಗು ಅಪ್ಪನ ಬೆನ್ನಿಗೆ ಬಿಸ್ಕತ್ತು ಒರೆಸಿತು. ಮೈಮೇಲೆ ಟೆರಿಕಾಟ್ ಶರ್ಟು, ಕಾಲಿಗೆ ಹವಾಯಿ ಚಪ್ಪಲಿ. ಅದನ್ನು ಯಾರೂ ಸಾಹಸ ಅನ್ನಲಿಲ್ಲ. ಮನೆಗೆ ಬಂದಮೇಲೆ ಅಕ್ಕಪಕ್ಕದವರು ಕೇಳಿದ್ದು ಒಂದೇ: "ದರ್ಶನ ಚೆನ್ನಾಗಾಯ್ತಾ?"

ಆಮೇಲೆ ಯಮಹಾ ಆರ್‌ಎಕ್ಸ್ 100 ಬಂತು. 98 ಸಿಸಿ ಗಾಡಿ, ಆದರೂ ಆಕ್ಸಿಲರೇಟರ್ ತಿರುವಿದರೆ ಹಿಂದೆ ಕೂತವರ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಅದು ಹೋಗಿ ಬುಲೆಟ್ ಬಂತು. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆಂಪಿಯರ್ ಮುಳ್ಳನ್ನು ನಡುವಿಗೆ ತಂದು ಕಿಕ್ ಹೊಡೆಯಬೇಕು, ತಪ್ಪಿದರೆ ಕಿಕ್ಕರು ತಿರುಗಿ ಹೊಡೆಯುತ್ತದೆ. ಮಗಳ ಟ್ಯೂಷನ್, ಮನೆ ಸಾಲ, ಅಮ್ಮನ ಆಸ್ಪತ್ರೆ ಎಂದು ಸಂಸಾರ ಬಿಗಿಯಾದಾಗ ಬುಲೆಟ್ಟೂ ಹೋಗಿ, ಆಟೋಮ್ಯಾಟಿಕ್ ಸ್ಕೂಟರಿನ ದೀರ್ಘ ವನವಾಸ ಶುರುವಾಯಿತು. ಆ ವರ್ಷಗಳ ಬಗ್ಗೆ ರಾಯರು ಮಾತನಾಡುವುದಿಲ್ಲ. ಆ ಕಾಲದ ಫೋಟೋಗಳಲ್ಲಿ ಸ್ಕೂಟರು ಇದ್ದರೂ ಅದು ತಮ್ಮದಲ್ಲವೆಂಬಂತೆ ಎರಡಡಿ ದೂರ ನಿಂತಿದ್ದಾರೆ.

ವನವಾಸ ಮುಗಿಸಿದ್ದು ಮೊಬೈಲು. ನಿವೃತ್ತಿಗೆ ಎರಡು ವರ್ಷ ಇರುವಾಗ ರಾಯರಿಗೆ ರಾತ್ರಿ ನಿದ್ದೆ ಬರುವುದು ಕಡಿಮೆಯಾಯಿತು, ವಿಡಿಯೊ ನೋಡುವುದು ಜಾಸ್ತಿಯಾಯಿತು. ಆರು ತಿಂಗಳಲ್ಲಿ ಅವರು ಅಡ್ವೆಂಚರ್ ಬೈಕಿನ ಸ್ಥಳಪುರಾಣ ಹೇಳುವಷ್ಟು ಪಾಂಡಿತ್ಯ ಗಳಿಸಿದರು. ಸಂಜೆ ಪಾರ್ಕಿನ ಬೆಂಚಿನಲ್ಲಿ ಪ್ರವಚನ. "ಕೇಳಿ ಇವ್ರೇ, 1980ರಲ್ಲಿ ಬಿಎಂಡಬ್ಲ್ಯೂ ಕಂಪನಿಯೋರು ಆರ್80 ಜಿ/ಎಸ್ ಅಂತ ಒಂದು ಗಾಡಿ ಬಿಟ್ರು. ರಸ್ತೇಲೂ ಓಡಬೇಕು, ರಸ್ತೆ ಇಲ್ದೇ ಇರೋ ಕಡೇನೂ ಓಡಬೇಕು. ಎಲ್ಲ ನಕ್ಕರು. ಮರುವರ್ಷವೇ ಹ್ಯೂಬರ್ಟ್ ಓರಿಯೋಲ್ ಅದೇ ಗಾಡೀಲಿ ಪ್ಯಾರಿಸ್–ದಾಕರ್ ಗೆದ್ದ. ಸಹಾರಾ ಮರಳು ಸ್ವಾಮಿ, ಸಹಾರಾ!" ಬೆಂಚಿನ ಇನ್ನೊಂದು ತುದಿಯಲ್ಲಿದ್ದ ನಿವೃತ್ತ ಎಂಜಿನಿಯರರು, "ಈಗ ನಮ್ಮ ಮುನಿಸಿಪಾಲ್ಟಿ ರಸ್ತೆ ಅಗೆದಿರೋದು ನೋಡಿದ್ರಾ, ಅಲ್ಲೂ ಮರಳೇ" ಎಂದರು. ರಾಯರು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅವರು 2004ಕ್ಕೆ ಬಂದಿದ್ದರು. ಯೂವನ್ ಮೆಕ್‌ಗ್ರೆಗರ್, ಚಾರ್ಲಿ ಬೂರ್ಮನ್ ಎಂಬಿಬ್ಬರು ನಟರು ಅದೇ ಜಾತಿಯ ಬೈಕುಗಳಲ್ಲಿ ಲಂಡನ್ನಿನಿಂದ ಪೂರ್ವಕ್ಕೆ ಹೊರಟು, ಮಂಗೋಲಿಯಾ, ಸೈಬೀರಿಯಾ ದಾಟಿ ನ್ಯೂಯಾರ್ಕ್ ಸೇರಿದ ಕಥೆ. ಅದು ಟಿ.ವಿ.ಯಲ್ಲಿ ಬಂದದ್ದೇ ತಡ, ಲೋಕದ ನಡುವಯಸ್ಸಿನ ಗಂಡಸರೆಲ್ಲ ತಮ್ಮ ಗಾಡಿಗೂ ಅಲ್ಯೂಮಿನಿಯಂ ಪೆಟ್ಟಿಗೆ ಬೇಕೆಂದು ಎದ್ದು ಕೂತರು. ಕೊನೆಯ ಅಧ್ಯಾಯ ನಮ್ಮವರದು: 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ದಾಕರ್ ರ‍್ಯಾಲಿ ಪೂರ್ತಿಮಾಡಿದ ಮೊದಲ ಭಾರತೀಯನಾದದ್ದು, 2019ರಲ್ಲಿ ಬೆಂಗಳೂರಿನದೇ ಹುಡುಗಿ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದದ್ದು. ಇಲ್ಲಿಗೆ ಬರುವ ಹೊತ್ತಿಗೆ ರಾಯರ ಗಂಟಲು ಕಟ್ಟುತ್ತಿತ್ತು, ಪಾರ್ಕಿನ ವಾಚ್‌ಮನ್ ಸೀಟಿ ಊದುತ್ತಿದ್ದ.

ಜರ್ಮನಿಯ ಗಾಡಿಗೆ ಮನೆ ಅಡವಿಡಬೇಕಾದೀತು. 2016ರಲ್ಲಿ ನಮ್ಮಲ್ಲೇ ಹಿಮಾಲಯನ್ ಬಂದಿತ್ತು. 2023ರ ಕೊನೆಗೆ ಅದರ ಹೊಸ ಅವತಾರವೂ ಬಂತು. 452 ಸಿಸಿ, ನೀರಿನಿಂದ ತಂಪಾಗುವ ಎಂಜಿನ್, ಮುಂದೆ 21 ಇಂಚಿನ ಚಕ್ರ, ನೆಲದಿಂದ 230 ಮಿಲಿಮೀಟರ್ ಎತ್ತರದ ಹೊಟ್ಟೆ. ಗ್ರಾಚುಯಿಟಿ ಬಂದ ವಾರವೇ ರಾಯರು ಷೋರೂಮಿಗೆ ಹೋದರು. ಸೀಟಿನ ಎತ್ತರ 825 ಮಿಲಿಮೀಟರ್. ರಾಯರ ಎತ್ತರ ಐದು ಅಡಿ ನಾಲ್ಕು ಇಂಚು. ಹತ್ತಿ ಕೂತಾಗ ಎರಡು ಕಾಲಿನ ಹೆಬ್ಬೆರಳುಗಳು ಮಾತ್ರ ನೆಲದ ಜೊತೆ ಸಂಬಂಧ ಉಳಿಸಿಕೊಂಡಿದ್ದವು. "ಹೆಬ್ಬೆರಳು ಸಾಕು ಸರ್, ಆಮೇಲೆ ಅಭ್ಯಾಸ ಆಗ್ಬಿಡತ್ತೆ" ಎಂದ ಹುಡುಗ. ಅಭ್ಯಾಸ ಆಗಿದೆ. ಈಗ ರಾಯರು ಸಿಗ್ನಲ್ಲಿಗೆ ಐವತ್ತು ಮೀಟರ್ ಇರುವಾಗಲೇ ಫುಟ್‌ಪಾತೋ ಡಿವೈಡರೋ ಯಾವುದು ಹತ್ತಿರ ಎಂದು ನೋಡುತ್ತಾರೆ, ಅದರ ಮೇಲೆ ಕಾಲೂರಿ ನಿಲ್ಲುತ್ತಾರೆ. ಕಲ್ಲೂ ಇಲ್ಲ, ಕಟ್ಟೆಯೂ ಇಲ್ಲ ಎಂದಾದರೆ ಹಳದಿ ದೀಪ ದಾಟಿಬಿಡುತ್ತಾರೆ.

ಗಾಡಿಗೆ ಎಷ್ಟು ಬಿತ್ತು ಎಂಬ ಪ್ರಶ್ನೆಗೆ ರಾಯರಲ್ಲಿ ಎರಡು ಉತ್ತರಗಳಿವೆ. ಟೀಚರಮ್ಮನಿಗೆ ಎಕ್ಸ್ ಷೋರೂಂ ದರ, ಪಾರ್ಕಿನವರಿಗೆ ಆನ್ ರೋಡ್ ದರ. ಬಿಡಿ ಅಲಂಕಾರದ ಸಾಮಾನಿನ ದರ ಅವರಿಗೂ ಅವರ ಬ್ಯಾಂಕಿಗೂ ಮಾತ್ರ ಗೊತ್ತು. ಅಲಂಕಾರ ಎಂದೆನೆಂದು ರಾಯರಿಗೆ ಹೇಳಬೇಡಿ. ಅವರ ಪ್ರಕಾರ ಅದೆಲ್ಲ "ಎಸೆನ್ಷಿಯಲ್". ಎಂಜಿನ್ನಿನ ಕೆಳಗೆ ಬಂಡೆ ತಾಗದಂತೆ ತಟ್ಟೆ, ಸುತ್ತ ಕ್ರ್ಯಾಶ್ ಗಾರ್ಡ್, ಕೈಗಳಿಗೆ ಮರೆ, ಮಂಜಿಗೆ ಹಳದಿ ದೀಪ, ಎರಡು ಪಕ್ಕಕ್ಕೆ ಎರಡು ಅಲ್ಯೂಮಿನಿಯಂ ಪ್ಯಾನಿಯರ್, ಹಿಂದೆ ಟಾಪ್ ಬಾಕ್ಸ್. ಪೆಟ್ರೋಲ್ ಬಂಕ್ ಸಿಗದ ಮರುಭೂಮಿಗೆಂದು ಎರಡು ಜೆರ್ರಿಕ್ಯಾನ್. ಅವರ ಮನೆಯಿಂದ ಬಂಕಿಗೆ ನಡೆದರೆ ನಾಲ್ಕು ನಿಮಿಷ.

ಹೀಗೆ ಎಲ್ಲ ಸೇರಿಸುತ್ತ ಹೋದ ರಾಯರು ಒಂದನ್ನು ಮಾತ್ರ ಕಿತ್ತರು: ಸೀರೆ ಗಾರ್ಡ್. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಅರ್ಧ ಚಕ್ರವಾದರೂ ಮುಚ್ಚುವ ತಡೆ ಇರಲೇಬೇಕು ಎಂದು ನಮ್ಮ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಎವರೆಸ್ಟಿಗೆ ಹೋಗುವ ಗಾಡಿಯಾದರೂ ಈ ದೇಶದಲ್ಲಿ ಸೀರೆಯನ್ನು ಲೆಕ್ಕಕ್ಕೆ ಹಿಡಿದೇ ಷೋರೂಮಿನಿಂದ ಹೊರಬೀಳುತ್ತದೆ. "ಅದಿದ್ರೆ ಲುಕ್ ಕೆಡತ್ತೆ" ಎಂದು ರಾಯರು ಸ್ಪ್ಯಾನರ್ ಹಿಡಿದು ಕೂತದ್ದನ್ನು ಟೀಚರಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರು. ಏನೂ ಹೇಳಲಿಲ್ಲ. ಮೂವತ್ತು ವರ್ಷ ಮೇಷ್ಟರಗಿರಿ ಮಾಡಿದವರಿಗೆ ಯಾವಾಗ ಸುಮ್ಮನಿರಬೇಕೆಂಬುದು ಗೊತ್ತಿರುತ್ತದೆ.

ಮುಂದಿನ ಸೋಮವಾರ ನಂಜನಗೂಡಿಗೆ ಹೋಗುವುದೆಂದಾಯಿತು. ಟೀಚರಮ್ಮ ರೇಷ್ಮೆ ಸೀರೆ ಉಟ್ಟು, ಹಣ್ಣುಕಾಯಿ ಬುಟ್ಟಿ ಹಿಡಿದು ಗೇಟಿಗೆ ಬಂದರು. ಅವರು ಯೆಜ್ಡಿ ಕಾಲದಿಂದ ಒಂದೇ ಪಕ್ಕಕ್ಕೆ ಕಾಲುಬಿಟ್ಟು ಕೂತವರು. ಈಗ ಎರಡು ಪಕ್ಕದಲ್ಲೂ ಪೆಟ್ಟಿಗೆ.

"ಕಾಲು ಎಲ್ಲಿಡ್ಲಿ?"

"ಆ ಕಡೆ ಈ ಕಡೆ ಹಾಕಿ ಕೂತ್ಕೋ. ಮೊದಲು ಈ ಫುಟ್‌ರೆಸ್ಟ್ ಮೇಲೆ ನಿಂತು, ನನ್ನ ಭುಜ ಹಿಡಿದು, ಬಲಗಾಲು ಟಾಪ್ ಬಾಕ್ಸ್ ಮೇಲಿಂದ..."

"ರೀ, ನಾನು ದೇವಸ್ಥಾನಕ್ಕೆ ಹೊರಟಿರೋಳು, ಸರ್ಕಸ್ಸಿಗಲ್ಲ."

"ಹಾಗಾದ್ರೆ ಪ್ಯಾನಿಯರ್ ಬಿಚ್ತೀನಿ, ಹತ್ತು ನಿಮಿಷ."

"ಪಾಪ, ಪೆಟ್ಟಿಗೆಗಳು ಕೂತಿರ್ಲಿ. ನಾನು ಬಸ್ಸಲ್ಲಿ ಬರ್ತೀನಿ."

2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಟೀಚರಮ್ಮ ಆಧಾರ್ ಕಾರ್ಡ್ ತೋರಿಸಿ, ಕಿಟಕಿ ಪಕ್ಕದ ಸೀಟು ಹಿಡಿದು ನಂಜುಂಡೇಶ್ವರನ ಸನ್ನಿಧಿ ಸೇರಿದರು. ಅಭಿಷೇಕ ಮುಗಿಸಿ ಪ್ರಸಾದ ಕಟ್ಟಿಸಿಕೊಳ್ಳುವ ಹೊತ್ತಿಗೆ ರಾಯರು ಬಂದರು. ದಾರಿಯಲ್ಲಿ ಎರಡು ಕಡೆ ಗಾಡಿ ನಿಲ್ಲಿಸಿ ಅದರ ಫೋಟೋ ತೆಗೆದಿದ್ದರು. ಮೇಲಾಗಿ ಬೂಟು ಬಿಚ್ಚಲು ಕಾಲು ಗಂಟೆ. ಪೆಟ್ಟಿಗೆಗಳು ಮಾತ್ರ ಬರುವಾಗ ಕೆಲಸಕ್ಕೆ ಬಂದವು: ಒಂದರಲ್ಲಿ ಎರಡು ಚಿಪ್ಪು ರಸಬಾಳೆ, ಇನ್ನೊಂದರಲ್ಲಿ ತೆಂಗಿನಕಾಯಿ. ಟೀಚರಮ್ಮ ಹೋದಂತೆಯೇ ಬಸ್ಸಿನಲ್ಲಿ ಬಂದರು.

ರಾಯರ ಮಣ್ಣುದಾರಿಯ ದೀಕ್ಷೆ ನಡೆದದ್ದು ಬನ್ನೂರಿನ ಕಡೆಯ ಒಂದು ನಾಲೆ ಏರಿಯ ಮೇಲೆ. ಸಾಕ್ಷಿಗೆಂದು ನನ್ನನ್ನೂ ಕರೆದಿದ್ದರು, ನಾನು ಸ್ಕೂಟರಿನಲ್ಲಿ ಹಿಂದೆ ಹೋಗುತ್ತಿದ್ದೆ. ಸಾಹಸಿಗಳು ಮಣ್ಣುದಾರಿಯಲ್ಲಿ ಕೂರಬಾರದು, ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮಂಡಿ ಸ್ವಲ್ಪ ಬಗ್ಗಿಸಿ, ಟ್ಯಾಂಕನ್ನು ತೊಡೆಯಲ್ಲಿ ಒತ್ತಿ ಓಡಿಸಬೇಕು. ಇದು ಶಾಸ್ತ್ರ, ನಿಜವಾದ ಶಾಸ್ತ್ರವೇ. ರಾಯರು ಎದ್ದು ನಿಂತರು. ಎದುರಿಗೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ಗಾಬರಿಯಿಂದ ಕೇಳಿದರು: "ಯಾಕ್ ಸಾ ಎದ್ ನಿಂತ್ಬುಟ್ರಿ, ಸೀಟು ಸುಡ್ತಾ ಅದಾ?"

ಉತ್ತರ ಕೊಡಲು ರಾಯರು ನಿಧಾನಿಸಿದರು. ಎತ್ತರದ ಗಾಡಿಗೆ ನಿಧಾನವೇ ಶತ್ರು. ಹಿಂದಿನ ರಾತ್ರಿಯ ಮಳೆಗೆ ಏರಿಯ ಅಂಚು ಜಿಗುಟಾಗಿತ್ತು. ಎಡಗಾಲಿನ ಹೆಬ್ಬೆರಳು ನೆಲ ಹುಡುಕಿತು, ನೆಲ ಅಲ್ಲಿರಲಿಲ್ಲ. ಗಾಡಿ ಅವಸರವೇ ಇಲ್ಲದೆ ಎಡಕ್ಕೆ ವಾಲಿ ಪ್ಯಾನಿಯರಿನ ಮೇಲೆ ಮಲಗಿತು. ರಾಯರು ಅದರ ಪಕ್ಕದಲ್ಲೇ ಕೆಸರಿನಲ್ಲಿ ಕೂತರು. ಕವಚಗಳಿದ್ದ ಯಾವ ಜಾಗಕ್ಕೂ ಪೆಟ್ಟಾಗಲಿಲ್ಲ. ಕವಚವಿಲ್ಲದ್ದು ಒಂದೇ ಜಾಗ, ಕೂತದ್ದು ಅದರ ಮೇಲೇ.

ಬಿದ್ದ ಬೈಕನ್ನು ಎತ್ತುವುದಕ್ಕೂ ಶಾಸ್ತ್ರವಿದೆ. ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಸೊಂಟಕ್ಕೆ ಭಾರ ಬೀಳದಂತೆ ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆಯಿಡುತ್ತ ಎದ್ದೇಳಬೇಕು. ರಾಯರು ಇದನ್ನು ಎಮ್ಮೆಯ ಮುದುಕರಿಗೆ, ಆಗಲೇ ಸೇರಿದ್ದ ಮೂರು ಜನಕ್ಕೆ, ನನಗೆ ಸವಿಸ್ತಾರವಾಗಿ ವಿವರಿಸಿದರು. ವಿವರಣೆ ಮುಗಿಯುವಷ್ಟರಲ್ಲಿ ಟಿವಿಎಸ್ ಎಕ್ಸೆಲ್ಲೊಂದು ಬಂತು. ಮುಂದೆ ಹಾಲಿನ ಕ್ಯಾನು, ಹಿಂದೆ ಎರಡು ಹೊರೆ ಹಸಿ ಮೇವು, ಮೇವಿನ ಮೇಲೆ ಒಬ್ಬಾಕೆ, ಆಕೆಯ ಕಂಕುಳಲ್ಲಿ ಕುಡುಗೋಲು. ಅದು ಅದೇ ಕೆಸರಿನಲ್ಲಿ, ಅದೇ ಅಂಚಿನಲ್ಲಿ ಸಲೀಸಾಗಿ ದಾಟಿ ಮುಂದೆ ಹೋಗಿ ನಿಂತಿತು. ಓಡಿಸುತ್ತಿದ್ದವನು ಇಳಿದು ಬಂದು ಲುಂಗಿ ಎತ್ತಿಕಟ್ಟಿದ.

"ಗೇರಲ್ಲಿ ಬಿಡಿ ಸಾ, ಇಲ್ದಿದ್ರೆ ಎತ್ತುವಾಗ ಜಾರ್ತದೆ."

ಶಾಸ್ತ್ರದಲ್ಲಿ ಅದೂ ಇತ್ತು, ರಾಯರು ಹೇಳಲು ಮರೆತಿದ್ದರು. ಗಾಡಿಯನ್ನು ಗೇರಿಗೆ ಹಾಕಿ ನಾಲ್ಕು ಜನ ಹಿಡಿದು ಎತ್ತಿದರು. ಎತ್ತಿದ ಮೇಲೆ ಆತ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಪೆಟ್ಟಿಗೆ ತಟ್ಟಿ ನೋಡಿ, ಈ ನಾಡಿನಲ್ಲಿ ಯಾವ ದ್ವಿಚಕ್ರಿಯೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಕೇಳಿದ: "ಎಷ್ಟ್ ಕೊಡ್ತದೆ ಸಾ?"

"ಇಪ್ಪತ್ತೆಂಟು, ಮೂವತ್ತು."

ಆತ ತನ್ನ ಎಕ್ಸೆಲ್ಲಿನ ಕಡೆ ಒಮ್ಮೆ, ರಾಯರ ಕಡೆ ಒಮ್ಮೆ ನೋಡಿ, ಮರುಕದಿಂದ ಅವರ ಭುಜ ತಟ್ಟಿ ಹೊರಟುಹೋದ. ಅಂದಿನ ವಿಡಿಯೊದ ಆ ಭಾಗವನ್ನು ರಾಯರು ಕತ್ತರಿಸಿದ್ದಾರೆ. ಎದ್ದು ನಿಂತು ಓಡಿಸಿದ ಭಾಗವನ್ನು ನಿಧಾನಗತಿಗೆ ಇಳಿಸಿ, ಹಿನ್ನೆಲೆಗೆ ಡ್ರಮ್ಮಿನ ಸಂಗೀತ ಹಾಕಿ, ಎಲ್ಲರಿಗೂ ಕಳಿಸಿದ್ದಾರೆ.

ಭೂಖಂಡಗಳನ್ನು ದಾಟಬಲ್ಲ ಈ ಗಾಡಿ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತುವಂತಿಲ್ಲ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರಿ, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಆ ಪಟ್ಟಿಯಲ್ಲಿ ತಮ್ಮ ಗಾಡಿ ಟ್ರ್ಯಾಕ್ಟರಿನ ಪಕ್ಕದಲ್ಲಿ ಕೂತದ್ದು ರಾಯರಿಗೆ ಮೊದಲು ಅವಮಾನವಾಗಿ ಕಂಡಿತು. ಮಗಳ ಮನೆಗೆಂದು ಸರ್ವಿಸ್ ರಸ್ತೆಯಲ್ಲಿ ಬೆಂಗಳೂರಿಗೆ ಹೋಗಿಬಂದ ಮೇಲೆ ಅಭಿಪ್ರಾಯ ಬದಲಾಯಿತು. ಹಂಪು, ಎದುರಿನಿಂದ ಬರುವ ಆಟೋ, ಕಬ್ಬಿನ ಗಾಡಿ, ಮಳೆ ಬಂದರೆ ಕೆರೆಯಾಗುವ ಅಂಡರ್‌ಪಾಸು, ಎಲ್ಲ ಒಂದೇ ಕಡೆ. "ಆ ಮೇಲ್ಗಡೆ ರೋಡಲ್ಲಿ ಏನ್ರೀ ಇದೆ? ಬರೀ ಸ್ಪೀಡು. ಟೆರೇನ್ ಬೇಕು ಅಂದ್ರೆ ಸರ್ವಿಸ್ ರೋಡಿಗೇ ಬರಬೇಕು" ಎಂದು ಬಿಡದಿಯಲ್ಲಿ ತಟ್ಟೆ ಇಡ್ಲಿ ಮುರಿಯುತ್ತ ಸಾರಿದರು. ಅವತ್ತು ಬಿಡದಿಯ ಹೋಟೆಲಿನ ಮುಂದೆ ಇಂಥವೇ ಗಾಡಿಗಳು ಹನ್ನೊಂದು ನಿಂತಿದ್ದವು. ಅವುಗಳ ಒಡೆಯರೆಲ್ಲ ಗೋಬಿ ಮರುಭೂಮಿಗೆ ಸಜ್ಜಾಗಿ ಬಂದು, ಬೆಣ್ಣೆ ಇನ್ನೊಂದು ಚೂರು ಹಾಕಿಸಿಕೊಳ್ಳುತ್ತಿದ್ದರು.

ಆ ಹನ್ನೊಂದು ಜನರ ಬಳಗಕ್ಕೆ ರಾಯರು ಸೇರಿದ ಬಗೆಯನ್ನು ಹೇಳಲೇಬೇಕು. ಹೆಚ್ಚಿನವರು ಸಾಫ್ಟ್‌ವೇರ್ ಹುಡುಗರು, ಮೊದಮೊದಲು "ಅಂಕಲ್" ಎನ್ನುತ್ತಿದ್ದರು. ಒಂದು ಸಲ ಕುಶಾಲನಗರ ದಾಟಿ ಮಡಿಕೇರಿ ದಾರಿಯಲ್ಲಿ ಟೀ ಕುಡಿದು ಹೊರಡುವಾಗ ಒಬ್ಬನ ವಿದೇಶಿ ಗಾಡಿ ಸ್ಟಾರ್ಟ್ ಆಗಲಿಲ್ಲ. ಒಬ್ಬ ಫೋನಿನಲ್ಲಿ ಮ್ಯಾನ್ಯುಯಲ್ ತೆರೆದ, ಇನ್ನೊಬ್ಬ ಸೆನ್ಸರ್ ಎಂದ, ಮತ್ತೊಬ್ಬ ಸಾಫ್ಟ್‌ವೇರ್ ಅಪ್‌ಡೇಟ್ ಎಂದ. ರಾಯರು ತಮ್ಮ ಪ್ಯಾನಿಯರ್ ತೆರೆದು ಒಂದು ಬಟ್ಟೆ ಗಂಟು ತೆಗೆದರು. ಒಳಗೆ ಉಪ್ಪುಕಾಗದ, ಹಳೆಯ ಟೂತ್‌ಬ್ರಷ್ಷು, ಕ್ಲಚ್ ಕೇಬಲ್, ಯೆಜ್ಡಿಯ ಒಂದು ಪ್ಲಗ್ಗು. ಈಗಿನ ಯಾವ ಗಾಡಿಗೂ ಅವುಗಳಿಂದ ಉಪಯೋಗವಿಲ್ಲ, ಆದರೆ ಆ ಗಂಟಿಲ್ಲದೆ ರಾಯರು ಊರು ಬಿಟ್ಟವರಲ್ಲ. ಉಪ್ಪುಕಾಗದವನ್ನು ಬೆರಳಲ್ಲಿ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬಂದರು. ಹ್ಯಾಂಡಲಿನ ಬಲಕ್ಕೆ ಕೆಂಪು ಗುಂಡಿಯಿತ್ತು. ಯಾರದೋ ಕೈ ತಾಗಿ ಅದು ಆಫ್ ಆಗಿತ್ತು. ರಾಯರು ಅದನ್ನು ಆನ್ ಮಾಡಿ, "ಈಗ ಹೊಡಿ" ಎಂದರು. ಗಾಡಿ ಗುಡುಗಿತು. ಅಂದಿನಿಂದ ಅವರು ಅಂಕಲ್ ಅಲ್ಲ, ಗುರುಗಳು. ಉಪ್ಪುಕಾಗದದಿಂದ ಏನು ಮಾಡಿದಿರೆಂದು ಹುಡುಗರು ಈಗಲೂ ಕೇಳುತ್ತಾರೆ, ರಾಯರು ಈಗಲೂ ನಗುತ್ತಾರೆ.

ಇಷ್ಟೆಲ್ಲ ಕಂಡ ಮೇಲೆ ನನಗೆ ಒಂದು ಸಂಶಯವಿತ್ತು. ಅದನ್ನು ಬಗೆಹರಿಸಿದ್ದು ನಮ್ಮಿಬ್ಬರಿಗೂ ಪರಿಚಯವಿರುವ ಮೂಳೆ ಡಾಕ್ಟರರ ಹೊರಕೋಣೆ. ಅಲ್ಲಿ ರಾಯರು ಸಿಕ್ಕಿದರು. ಸೊಂಟಕ್ಕೆ ಬೆಲ್ಟಿತ್ತು. ಆ ಹೊತ್ತಿನಲ್ಲಿ ಅವರು ಹೇಳಿದ್ದು ಪಾರ್ಕಿನ ಬೆಂಚಿನಲ್ಲಿ ಎಂದೂ ಹೇಳದ ಮಾತು. ಹಳೆಯ ಬುಲೆಟ್ ಮತ್ತೆ ಕೊಳ್ಳಬೇಕೆಂಬ ಆಸೆಯಿತ್ತು, ಗುಂಡಿಗೆ ಬಿದ್ದರೆ ಸೊಂಟ ಹಿಡಿಯುತ್ತದೆ. ಬಗ್ಗಿ ಓಡಿಸುವ ರೇಸಿನ ಗಾಡಿ ಕತ್ತಿಗೆ ಆಗದು. ಸ್ಕೂಟರಿನ ಪುಟ್ಟ ಚಕ್ರ ಪ್ರತಿ ಹಂಪನ್ನೂ ನೇರ ಬೆನ್ನುಮೂಳೆಗೆ ವರದಿ ಮಾಡುತ್ತದೆ. "ನೆಟ್ಟಗೆ ಕೂತು ಓಡ್ಸೋ ಗಾಡಿ ಯಾವ್ದಾದ್ರೂ ಇದ್ರೆ ನೋಡಿ" ಎಂದಿದ್ದರಂತೆ ಡಾಕ್ಟರು. ರಾಯರು ನೋಡಿದರು. ಅಗಲದ ಹ್ಯಾಂಡಲ್, ನೆಟ್ಟಗಿನ ಬೆನ್ನು, ಮುಂದೆಯೂ ಹಿಂದೆಯೂ 200 ಮಿಲಿಮೀಟರ್ ಕೆಳಗಿಳಿದು ಏರುವ ಸಸ್ಪೆನ್ಷನ್, ಗುಂಡಿಯನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸುವ 21 ಇಂಚಿನ ಚಕ್ರ. ಬಂಡೆಗಲ್ಲಿನ ಮೇಲೆ ಹಾರಲೆಂದು ಯಾರೋ ಕೂಡಿಸಿದ ಗುಣಗಳೆಲ್ಲ ಒಟ್ಟಾಗಿ, ನಾಲ್ಕನೇ ಮತ್ತು ಐದನೇ ಸೊಂಟದ ಮೂಳೆಯ ನಡುವೆ ಸವೆದಿದ್ದ ಡಿಸ್ಕಿಗೆ ಒದಗಿದ್ದವು. ಇದೇ ಗಾಡಿಯನ್ನು "ಹಿರಿಯ ನಾಗರಿಕರ ಆರಾಮ ಬೈಕ್" ಎಂದು ಮಾರಿದ್ದರೆ ಒಂದೂ ಹೋಗುತ್ತಿರಲಿಲ್ಲ, ರಾಯರಂತೂ ಆ ಷೋರೂಮಿನ ಬೀದಿಗೂ ಕಾಲಿಡುತ್ತಿರಲಿಲ್ಲ. ಸಾಹಸ ಎಂದರು, ಸಾಲುಗಟ್ಟಿ ಕೊಂಡರು. "ಇದು ನಿಮ್ಮಲ್ಲೇ ಇರ್ಲಿ" ಎಂದು ರಾಯರು ನನ್ನ ಕೈ ಒತ್ತಿದರು. ನನ್ನಲ್ಲೇ ಇಟ್ಟುಕೊಂಡಿದ್ದೇನೆ, ಈಗ ನಿಮ್ಮಲ್ಲೂ ಇರಲಿ.

ಆದ್ದರಿಂದ ಲಡಾಖಿನ ವಿಚಾರದಲ್ಲಿ ಅವರನ್ನು ಯಾರೂ ಒತ್ತಾಯ ಮಾಡಬಾರದು. ಯೋಜನೆಯೇನೋ ಸಿದ್ಧವಾಗಿದೆ. ರೈಲಿನಲ್ಲಿ ಗಾಡಿ ಚಂಡೀಗಢಕ್ಕೆ, ಅಲ್ಲಿಂದ ಮನಾಲಿ, ಲೇಹ್, ಖರ್ದುಂಗ್ ಲಾ, ಕೊನೆಗೆ 19,024 ಅಡಿಯ ಉಮ್ಲಿಂಗ್ ಲಾ. ನಕ್ಷೆ ಊಟದ ಮನೆಯ ಗೋಡೆಯಲ್ಲಿದೆ, ಒಗ್ಗರಣೆಯ ಹೊಗೆಗೆ ಜಮ್ಮು ಆಗಲೇ ಹಳದಿಯಾಗಿದೆ. ಹೊರಡುವುದು ಯಾವಾಗ ಎಂದರೆ ಮುಂದಿನ ಜೂನ್. ಮೊದಲ ಜೂನಿಗೆ ಮಗಳ ಬಾಣಂತನ ಬಂತು. ಎರಡನೆಯದಕ್ಕೆ ಬಿ.ಪಿ. ಮಾತ್ರೆ ಬದಲಾಯಿತು. ಹಿಮಾಲಯಕ್ಕೆ ಅವಸರವಿಲ್ಲವೆಂದು ರಾಯರೇ ಸಮಾಧಾನ ಹೇಳುತ್ತಾರೆ. ಹೋಗದಿದ್ದರೂ ಅಲ್ಲಿಯ ಲೆಕ್ಕಪತ್ರವನ್ನೆಲ್ಲ ಅವರು ಇಲ್ಲಿಂದಲೇ ಪರಿಶೀಲಿಸಿದ್ದಾರೆ. "ಖರ್ದುಂಗ್ ಲಾದಲ್ಲಿ ಬಹಳ ವರ್ಷ 18,380 ಅಡಿ ಅಂತ ಬೋರ್ಡಿತ್ತು. ಜಿಪಿಎಸ್‌ನಲ್ಲಿ ಅಳೆದ್ರೆ 17,582. ಉಳಿದ 798 ಅಡಿ ಎಲ್ಲಿ ಹೋಯ್ತು?" ಎಂದು ಸೊಪ್ಪಿನ ಗಾಡಿಯವನನ್ನು ಒಮ್ಮೆ ತರಾಟೆಗೆ ತೆಗೆದುಕೊಂಡರು. ಅವನು ಹೆದರಿ ಒಂದು ಕಟ್ಟು ಪುದೀನ ಜಾಸ್ತಿ ಹಾಕಿದ.

ಕಳೆದ ಸೆಪ್ಟೆಂಬರಿನಲ್ಲಿ ಟೀಚರಮ್ಮನ ಹಳೆಯ ಶಾಲೆಯ ಸಹೋದ್ಯೋಗಿಗಳು ಪ್ರವಾಸ ಹೊರಟರು. ಎಂಟು ಜನ ಹೆಂಗಸರು, ಎಲ್ಲರೂ ಅರವತ್ತರ ಆಸುಪಾಸು. ಬೆಂಗಳೂರಿನಿಂದ ದಿಲ್ಲಿಗೆ ವಿಮಾನ, ದಿಲ್ಲಿಯಿಂದ ಲೇಹ್‌ಗೆ ಇನ್ನೊಂದು ವಿಮಾನ, ಅಲ್ಲಿಂದ ಟೆಂಪೊ ಟ್ರಾವೆಲರ್. ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಂಡು, ಮೈ ಎತ್ತರಕ್ಕೆ ಒಗ್ಗಿದ ಮೇಲೆ ಮೇಲಕ್ಕೆ ಹೋದರು. ಚೀಲದಲ್ಲಿ ಚಟ್ನಿಪುಡಿ, ಕೋಡುಬಳೆ, ಕಾಲಿಗೆ ಕ್ಯಾನ್ವಾಸ್ ಬೂಟು. ಮೂರನೆಯ ದಿನ ಮಧ್ಯಾಹ್ನ ರಾಯರ ಫೋನಿಗೆ ಒಂದು ಫೋಟೋ ಬಂತು. ಖರ್ದುಂಗ್ ಲಾದ ಬೋರ್ಡಿನ ಪಕ್ಕ ಟೀಚರಮ್ಮ, ಮೈಸೂರು ಸಿಲ್ಕ್ ಸೀರೆ, ಮೇಲೆ ಸ್ವೆಟರ್, ಅದರ ಮೇಲೆ ಶಾಲು. ಹಿಂದೆ ಸಾಲಾಗಿ ನಿಂತ ಅಡ್ವೆಂಚರ್ ಬೈಕುಗಳು. ಯಾರೋ ಸವಾರ ತನ್ನ ಗಾಡಿಯ ಮೇಲೆ ಅವರನ್ನು ಒಂದೇ ಪಕ್ಕಕ್ಕೆ ಕೂರಿಸಿ ತೆಗೆದ ಇನ್ನೊಂದು ಫೋಟೋವೂ ಇತ್ತು. ಆ ಗಾಡಿಗೆ ಸೀರೆ ಗಾರ್ಡ್ ಇದ್ದದ್ದನ್ನು ರಾಯರು ದೊಡ್ಡದು ಮಾಡಿ ನೋಡಿದರು.

ಬೀದಿಯವರೆಲ್ಲ ರಾಯರ ಸುತ್ತ ಸೇರಿದ್ದೆವು. ಅವರು ಕನ್ನಡಕ ಏರಿಸಿ, ಒಂದು ಕ್ಷಣ ಯೋಚಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಿನಲ್ಲೇ ಉತ್ತರ ಕಳಿಸಿದರು: "ಚೆನ್ನಾಗಿದೆ. ಆದ್ರೆ ಆ ಬೋರ್ಡಲ್ಲಿ ಬರ್ದಿರೋದು ನಂಬಬೇಡ. ನಿಜವಾದ ಎತ್ತರ 17,582 ಅಡಿ."

ಐದು ನಿಮಿಷಕ್ಕೆ ಟೀಚರಮ್ಮನ ದನಿ ಬಂತು. ಹಿನ್ನೆಲೆಯಲ್ಲಿ ಗಾಳಿ ಹೊಯ್ಯುತ್ತಿತ್ತು, ಯಾರೋ ಕೋಡುಬಳೆ ಮುರಿಯುತ್ತಿದ್ದರು.

"ಆಯ್ತು ರೀ. ಮುಂದಿನ ಜೂನಲ್ಲಿ ನೀವು ಬರ್ತೀರಲ್ಲ, ಟೇಪು ಹಿಡ್ಕೊಂಡು ಬನ್ನಿ."